‘ಬನ್ನಿ’ ಎಂದು ಕರೆದವರೇ ಇಲ್ಲವಲ್ಲ!

‘ಸಂಘಕ್ಕೆ ಹೊಸಬರೇ ಬರ್ತಿಲ್ಲ ಮಾರಾಯ್ರೆ.’ ಸೇವಾ ಸಂಘಗಳ ಮಹಾಸಭೆಯಲ್ಲಿ ಪ್ರತಿ ವರ್ಷ ನಾವು ಕೇಳುವ ಮಾತಿದು. ಅದೇ ಅಧ್ಯಕ್ಷರು, ಅದೇ ಕಾರ್ಯದರ್ಶಿ. ಶಿಬಿರಕ್ಕೆ ಕುರ್ಚಿ ಹಾಕಲಿಕ್ಕೂ ಅವರೇ, ತೆಗೆಯಲಿಕ್ಕೂ ಅವರೇ. ಆದರೆ ಸಂಘದ ಹೊರಗೆ ನಿಂತವರನ್ನು ಕೇಳಿದರೆ ಅವರ ಉತ್ತರವೇ ಬೇರೆ: ‘ನಮ್ಮನ್ನು ಯಾರೂ ಕರೆಯಲೇ ಇಲ್ಲವಲ್ಲ!’ ಎರಡೂ ಮಾತು ನಿಜ. ಬಾಗಿಲು ತೆರೆದಿಟ್ಟರೆ ಸಾಲದು, ಹೊರಗೆ ಹೋಗಿ ಕರೆಯಬೇಕು.

ಸಣ್ಣ ಊರುಗಳಿಗೆ ಈ ಕೊರತೆ ಬೇಗ ತಟ್ಟುತ್ತದೆ. ಧಾರವಾಡ ಜಿಲ್ಲೆಯ ಅಳ್ನಾವರವನ್ನೇ ನೋಡಿ. ಹುಬ್ಬಳ್ಳಿ–ಲೋಂಡಾ ಮಾರ್ಗದ ಜಂಕ್ಷನ್ ಅದು. ದಾಂಡೇಲಿ ಕಡೆಯ ಹಳಿ ಇಲ್ಲಿಂದಲೇ ಕವಲೊಡೆಯುತ್ತದೆ. ತಾಲೂಕು ಕೇಂದ್ರವಾಗಿ ಬಹಳ ವರ್ಷವೇನೂ ಆಗಿಲ್ಲ. ದೊಡ್ಡ ಕಾಯಿಲೆ ಬಂದರೆ ಇಲ್ಲಿನವರು ಈಗಲೂ ಧಾರವಾಡಕ್ಕೋ ಹುಬ್ಬಳ್ಳಿಗೋ ಓಡಬೇಕು. ಇಂಥ ಊರಲ್ಲಿ ನಡುರಾತ್ರಿ ‘ರಕ್ತ ಬೇಕು’ ಎಂಬ ಕರೆ ಬಂದರೆ ಸಂಘದ ಪುಸ್ತಕದಲ್ಲಿರುವ ಹೆಸರುಗಳೇ ಗತಿ. ಆ ಹೆಸರುಗಳು ಎಷ್ಟಿವೆ, ಅವರಲ್ಲಿ ಇವತ್ತು ರಕ್ತ ಕೊಡಬಲ್ಲವರು ಎಷ್ಟು ಮಂದಿ?

13 ಜನರ ಲೆಕ್ಕ

ಲೆಕ್ಕ ಸರಳ ಉಂಟು. ಒಮ್ಮೆ ರಕ್ತ ಕೊಟ್ಟ ಗಂಡಸು ಮತ್ತೆ ಕೊಡಬೇಕಾದರೆ ಮೂರು ತಿಂಗಳು ಕಾಯಬೇಕು, ಹೆಂಗಸು ನಾಲ್ಕು ತಿಂಗಳು. ಅಂದರೆ ಒಬ್ಬ ಗಂಡಸು ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಸಲ. ವಾರಕ್ಕೆ ಒಂದೇ ಬಾಟಲಿ ಬೇಕು ಎಂದಿಟ್ಟುಕೊಂಡರೂ ವರ್ಷಕ್ಕೆ 52 ಆಯಿತು. ಒಬ್ಬರೂ ತಪ್ಪದೆ ಬಂದರೂ ಕನಿಷ್ಠ 13 ಜನ ಬೇಕು! ಅದರಲ್ಲೂ ಗುಂಪು ಹೊಂದಬೇಕು, ಹಿಮೋಗ್ಲೋಬಿನ್ ಸರಿ ಇರಬೇಕು, ತೂಕ 45 ಕಿಲೋಗೆ ಕಡಿಮೆ ಇರಬಾರದು. ಒಬ್ಬರು ಗಲ್ಫಿಗೆ ಹೋಗುತ್ತಾರೆ, ಇನ್ನೊಬ್ಬರಿಗೆ ವರ್ಗವಾಗುತ್ತದೆ. 65 ದಾಟಿದವರು ಕೊಡುವಂತಿಲ್ಲ. ಹತ್ತು ಮಂದಿಯ ಹಳೇ ಸಂಘ ಎಷ್ಟೇ ನಿಯತ್ತಿನಿಂದ ದುಡಿದರೂ ಈ ಲೆಕ್ಕದ ಮುಂದೆ ಸೋಲುತ್ತದೆ. ಹಾಗಾಗಿ ಹೊಸಬರನ್ನು ತರುವುದು ಸಂಘದ ದೊಡ್ಡಸ್ತಿಕೆಯ ವಿಷಯವಲ್ಲ, ಅದರ ಉಸಿರಿನ ವಿಷಯ.

ನಾಲ್ವರಿಂದ ಶುರುವಾದದ್ದು

ರೋಟರಿ ಕ್ಲಬ್ಬಿನ ಹೆಸರು ಕೇಳದವರಿಲ್ಲ. ಅದು ಹುಟ್ಟಿದ್ದು 1905ರ ಫೆಬ್ರವರಿ 23ರಂದು, ಅಮೆರಿಕದ ಶಿಕಾಗೋದಲ್ಲಿ. ಪಾಲ್ ಹ್ಯಾರಿಸ್ ಎಂಬ ವಕೀಲರು ಸಣ್ಣ ಊರಲ್ಲಿ ಬೆಳೆದು ದೊಡ್ಡ ಪಟ್ಟಣಕ್ಕೆ ಬಂದವರು. ಊರಿನ ಒಡನಾಟ ಪಟ್ಟಣದಲ್ಲಿ ಸಿಗಲಿಲ್ಲ. ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ಟೈಲರ್, ಈ ಮೂವರನ್ನು ಸೇರಿಸಿಕೊಂಡು ಕೂತರು. ಒಮ್ಮೆ ಇವರ ಕಚೇರಿ, ಮುಂದಿನ ಸಲ ಅವರ ಕಚೇರಿ, ಹೀಗೆ ಸರದಿಯಲ್ಲಿ ಸುತ್ತುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು ಬಂತು. ಅದೇ ಕೂಟ ಮುಂದೆ ದೇಶ ದೇಶಕ್ಕೆ ಹರಡಿ, 1985ರಲ್ಲಿ ಪೋಲಿಯೋ ವಿರುದ್ಧ ಜಗತ್ತಿನಾದ್ಯಂತ ಕೆಲಸ ಹಿಡಿಯಿತು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತ ಎನಿಸಿಕೊಂಡಾಗ ಸರ್ಕಾರ, ಆರೋಗ್ಯ ಕಾರ್ಯಕರ್ತರ ಜೊತೆ ರೋಟರಿಯ ಶ್ರಮವೂ ಅದರಲ್ಲಿತ್ತು. ನಾಲ್ವರೇ ಸಾಕು ಎಂದು ಅವರು ಕೂತಿದ್ದರೆ ಆ ಕೂಟ ಅವರೊಟ್ಟಿಗೇ ಮುಗಿಯುತ್ತಿತ್ತು.

ಪಾಲ್ ಹ್ಯಾರಿಸ್‌ಗೆ ಕಾಡಿದ ಒಂಟಿತನ ನಮಗೆ ಹೊಸದೇನಲ್ಲ. ‘ಬ್ಯಾರಿ’ ಎಂಬ ಹೆಸರೇ ವ್ಯಾಪಾರ ಎಂಬರ್ಥದ ತುಳುವಿನ ‘ಬ್ಯಾರ’ದಿಂದ ಬಂತು ಎನ್ನುತ್ತಾರೆ. ವ್ಯಾಪಾರಕ್ಕೆಂದು ಘಟ್ಟ ಹತ್ತಿದ, ಕಡಲು ದಾಟಿದ ಮನೆಗಳಲ್ಲಿ ಪರಊರಿನ ಮೊದಲ ಪೆರ್ನಾಲ್ ಹೇಗಿರುತ್ತದೆಂದು ಬಲ್ಲವರಿದ್ದಾರೆ. ಅಂಥ ಹೊತ್ತಲ್ಲಿ ಯಾರೋ ಒಬ್ಬರು ಸಲಾಂ ಹೇಳಿ ಹೆಗಲಿಗೆ ಕೈ ಹಾಕಿದ್ದು ಜನ್ಮವಿಡೀ ನೆನಪಿರುತ್ತದೆ. ಹೊಸ ಸದಸ್ಯನಿಗೆ ಬೇಕಾದದ್ದೂ ಅದೇ.

ಕರೆಯುವುದು ಹೇಗೆ?

ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಆಸಕ್ತರು ಸಂಪರ್ಕಿಸಿ’ ಎಂದು ಹಾಕಿದರೆ ಅದು ಯಾರನ್ನೂ ಕರೆದಂತಲ್ಲ. ಹೆಸರು ಹಿಡಿದು ಕರೆಯಬೇಕು: ‘ಭಾನುವಾರ ಶಿಬಿರ ಉಂಟು, ನನ್ನ ಬೈಕಲ್ಲೇ ಹೋಗುವ.’ ಅಳ್ನಾವರದಲ್ಲಾದರೆ, ‘ಬರ್ರೀ, ನಮ್ಮ ಜೋಡಿ ಒಂದ್ ತಾಸು ಇದ್ದು ಹೋಗ್ರಿ.’ ಬಂದವರ ಕೈಗೆ ಮೊದಲ ದಿನವೇ ರಸೀದಿ ಪುಸ್ತಕ ಕೊಡಬೇಡಿ, ಒಂದು ಕೆಲಸ ಕೊಡಿ. ದಾನಿಗಳ ಹೆಸರು ಬರೆಯುವುದೋ, ಹಣ್ಣಿನ ರಸ ಹಂಚುವುದೋ ಆಗಬಹುದು. ಕೆಲಸ ಸಿಕ್ಕವನು ಮತ್ತೆ ಬರುತ್ತಾನೆ. ಮೂಲೆಯಲ್ಲಿ ಕೂತು ಭಾಷಣ ಕೇಳಿದವನು ಬರುವುದಿಲ್ಲ.

ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿರುವವರಿಗೆ ರಾತ್ರಿಯ ಊಟ ಕೊಡುವ ಎಂ.ಫ್ರೆಂಡ್ಸ್ ಸಂಸ್ಥೆಯ ‘ಕಾರುಣ್ಯ’ ಯೋಜನೆ ನಮ್ಮ ಕಣ್ಣೆದುರಿಗಿದೆ. ಅಲ್ಲಿ ತಟ್ಟೆ ಹಿಡಿದು ನಿಂತವರ ಜಾತಿ, ಊರು ಯಾರೂ ಕೇಳುವುದಿಲ್ಲ. ಹಾಗೆಯೇ ಸೇವೆಗೆ ಬರುವವರ ಜಾತಿಯನ್ನೂ ಕೇಳಬೇಕಾಗಿಲ್ಲ. ಉರ್ದು ಮಾತಾಡುವ ನೆರೆಯವರು, ಎದುರಂಗಡಿಯ ಹಿಂದೂ ಗೆಳೆಯರು, ವರ್ಗವಾಗಿ ಬಂದ ಮೇಷ್ಟ್ರು, ಎಲ್ಲರೂ ನಮ್ಮ ಸಂಘಕ್ಕೆ ಹೊಸಬರಾಗಬಹುದು.

ಮನೆಯ ಹೆಣ್ಣುಮಕ್ಕಳನ್ನಂತೂ ಮರೆಯಬಾರದು. ರೋಟರಿಯೇ ಹೆಂಗಸರಿಗೆ ಸದಸ್ಯತ್ವದ ಬಾಗಿಲು ಪೂರ್ತಿ ತೆರೆದದ್ದು 1989ರಲ್ಲಿ, ಹುಟ್ಟಿ 84 ವರ್ಷಗಳ ಬಳಿಕ. ನಾವು ಅಷ್ಟು ಕಾಯಬೇಕೇ? ಡಿಗ್ರಿ ಮುಗಿಸಿದ ನಮ್ಮ ಹುಡುಗಿಯರು ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿಕೊಡಬಲ್ಲರು. ಹೆರಿಗೆಗೆ ಹೋದವಳ ಬಳಿ ರಾತ್ರಿ ಕೂರಲು ಒಬ್ಬ ಉಮ್ಮನಿಗೆ ಆಗುವಷ್ಟು ಹತ್ತು ಗಂಡಸರಿಗೆ ಆಗದು.

ಹಳಬರಿಗೂ ಒಂದು ಮಾತು. ಹೊಸ ಹುಡುಗ ಏನಾದರೂ ಹೇಳಿದಾಗ ‘ಅದೆಲ್ಲ ನಾವು ಮಾಡಿ ನೋಡಿದ್ದೇವೆ’ ಎಂದು ಬಾಯಿ ಮುಚ್ಚಿಸಬೇಡಿ. ಎರಡು ವರ್ಷದಲ್ಲಿ ಖಜಾಂಚಿಯ ಪುಸ್ತಕ ಅವನ ಕೈಗೆ ಹೋಗಲಿ. ಪಕ್ಕದಲ್ಲಿ ನೀವಿರಿ, ಸಾಕು.

ಒಳಿತಿನ ಕೆಲಸದಲ್ಲಿ ಒಬ್ಬರಿಗೊಬ್ಬರು ಹೆಗಲು ಕೊಡಬೇಕೆಂದು ನಮ್ಮ ದೀನ್ ಕಲಿಸಿದೆ. ಮುಂದಿನ ಜುಮಾ ಬರುವುದರೊಳಗೆ ಪ್ರತಿ ಸದಸ್ಯ ಒಂದೇ ಒಂದು ಹೆಸರು ಯೋಚಿಸಲಿ, ನಮಾಝ್ ಮುಗಿದ ಮೇಲೆ ಅಥವಾ ಅಂಗಡಿ ಮುಚ್ಚಿದ ಮೇಲೆ ಅವರ ಬಳಿ ಹೋಗಿ ಕರೆಯಲಿ. ಹತ್ತು ಮಂದಿ ಇಪ್ಪತ್ತಾದರೆ ಆ 13ರ ಲೆಕ್ಕಕ್ಕೆ ಹೆದರಬೇಕಾಗಿಲ್ಲ.