ಒಂದೇ ಗಂಟಲು, 67 ಬೇಸಿಗೆ

1950ರ ಜನವರಿಯಲ್ಲಿ ನಮ್ಮ ಸಂವಿಧಾನ ಜಾರಿಗೆ ಬಂತು. ಅದೇ ವರ್ಷದ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ 22ರ ಹುಡುಗನೊಬ್ಬ ಬ್ರೂಕ್ಲಿನ್ ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡದ ಕಾಮೆಂಟರಿ ಹೇಳಲು ಮೈಕಿನ ಮುಂದೆ ಕುಳಿತ. ಹೆಸರು ವಿನ್ ಸ್ಕಲ್ಲಿ. ಆಗ ಅಮೆರಿಕಕ್ಕೆ ಟ್ರೂಮನ್ ಅಧ್ಯಕ್ಷ, ನಮ್ಮ ಮೈಸೂರಿಗೆ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ. ಅದೇ ತಂಡದ ಮೈಕನ್ನು ಅವರು ಕೆಳಗಿಟ್ಟದ್ದು 2016ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಅಲ್ಲಿ ಒಬಾಮ, ಇಲ್ಲಿ ಸಿದ್ದರಾಮಯ್ಯ. ಅವರು ಮಾತಾಡುತ್ತಿದ್ದಷ್ಟು ಕಾಲದಲ್ಲಿ ಅಮೆರಿಕ 12 ಅಧ್ಯಕ್ಷರನ್ನು ಕಂಡಿತು. ಮೊದಲ ವರ್ಷ ಅವರು ವರ್ಣಿಸಿದ ಆಟಗಾರರಲ್ಲಿ 1919ರಲ್ಲಿ ಹುಟ್ಟಿದ ಜ್ಯಾಕಿ ರಾಬಿನ್ಸನ್ ಇದ್ದರು. ಕೊನೆಯ ವರ್ಷ 1994ರಲ್ಲಿ ಹುಟ್ಟಿದ ಕೋರಿ ಸೀಗರ್. 75 ವರ್ಷಗಳ ಅಂತರದಲ್ಲಿ ಹುಟ್ಟಿದ ಇಬ್ಬರ ಹೆಸರನ್ನೂ ಊರಿಗೆ ಕೂಗಿ ಹೇಳಿದ್ದು ಒಂದೇ ಗಂಟಲು.

ಅಮೆರಿಕದಲ್ಲಿ ಪ್ರತಿ ತಂಡಕ್ಕೂ ತನ್ನದೇ ಕಾಮೆಂಟೇಟರ್ ಇರುತ್ತಾರೆ. ಆರ್‌ಸಿಬಿಗೆ ಅಂತಲೇ ಒಬ್ಬರಿದ್ದು, ಗೆದ್ದಾಗಲೂ ಸೋತಾಗಲೂ ಬೆಂಗಳೂರಿನ ಮನೆಮನೆಗೆ ಅವರೇ ಸುದ್ದಿ ಮುಟ್ಟಿಸಿದರೆ ಹೇಗಿರುತ್ತದೋ ಹಾಗೆ. ಆದರೆ ಆರ್‌ಸಿಬಿ ಒಂದು ಋತುವಿನ ಲೀಗ್ ಹಂತದಲ್ಲಿ ಆಡುವುದು 14 ಪಂದ್ಯ. ಡಾಡ್ಜರ್ಸ್ ಆಡುವುದು 162, ಅದೂ ಆರು ತಿಂಗಳೊಳಗೆ. ನಮ್ಮ ತಂಡ ಅಷ್ಟು ಲೀಗ್ ಪಂದ್ಯ ಮುಗಿಸಲು ಹನ್ನೊಂದೂವರೆ ವರ್ಷ ಬೇಕು.

ಒಂದು ಲೆಕ್ಕ ಹಾಕೋಣ. ಅಂದಾಜು ನನ್ನದು, ಬೇಕೆಂದೇ ಕೈ ಬಿಗಿಹಿಡಿದದ್ದು. ವಯಸ್ಸಾದ ಮೇಲೆ ಸ್ಕಲ್ಲಿ ದೂರದೂರುಗಳಿಗೆ ಹೋಗುವುದನ್ನು ಕಡಿಮೆ ಮಾಡಿದ್ದರಿಂದ ವರ್ಷಕ್ಕೆ ಸರಾಸರಿ 100 ಪಂದ್ಯ ಎಂದಷ್ಟೇ ಹಿಡಿಯೋಣ. 67 ವರ್ಷಕ್ಕೆ 6,700 ಪಂದ್ಯ. ಒಂದೊಂದಕ್ಕೆ ಎರಡೂವರೆ ಗಂಟೆ ಅಂದರೂ 16,750 ಗಂಟೆ, ಅಂದರೆ ಹತ್ತು ಲಕ್ಷ ನಿಮಿಷ. ಹಗಲೂ ರಾತ್ರಿ ನಿಲ್ಲಿಸದೆ ಮಾತಾಡಿದರೆ ಎರಡು ವರ್ಷಕ್ಕೆ ಒಂದು ತಿಂಗಳಷ್ಟೇ ಕಡಿಮೆ. ನಿಮಿಷಕ್ಕೆ 100 ಪದ ಎಂದರೆ ಹತ್ತು ಕೋಟಿ ಪದ. ವ್ಯಾಸಭಾರತದಲ್ಲಿ ಸುಮಾರು 18 ಲಕ್ಷ ಪದಗಳಿವೆ ಅನ್ನುತ್ತಾರೆ. ಅಲ್ಲಿಗೆ ಈ ಮನುಷ್ಯ ಐವತ್ತಕ್ಕೂ ಹೆಚ್ಚು ಮಹಾಭಾರತಗಳಷ್ಟು ಮಾತಾಡಿದ್ದಾರೆ. ವ್ಯಾಸರಿಗಾದರೂ ಕಥೆ ಮುಂದೇನಾಗುತ್ತದೆಂದು ಗೊತ್ತಿತ್ತು.

ಇದನ್ನೆಲ್ಲ ಬಹುಪಾಲು ಅವರು ಒಬ್ಬರೇ ಕೂತು ಮಾಡಿದರು. ಈಗ ಕಾಮೆಂಟರಿ ಕೋಣೆಯಲ್ಲಿ ಮೂರು ನಾಲ್ಕು ಮಂದಿ ಪರಸ್ಪರ ಹರಟುತ್ತಾರೆ, ನಾವು ಪಕ್ಕದ ಮೇಜಿನ ಮಾತು ಕದ್ದು ಕೇಳಿದ ಹಾಗೆ ಕೇಳುತ್ತೇವೆ. ಡಾಡ್ಜರ್ಸ್ ಟೀವಿ ಪ್ರಸಾರದಲ್ಲಿ ಸ್ಕಲ್ಲಿಗೆ ಜೊತೆಗಾರರಿರಲಿಲ್ಲ. ಪಕ್ಕದಲ್ಲಿ ಮಾತಿಗೆ ಯಾರೂ ಇಲ್ಲದಿದ್ದರೆ ಕೇಳುಗನ ಜೊತೆಗೇ ಮಾತಾಡಬೇಕಾಗುತ್ತದೆ. ಅವರ ಗುಟ್ಟು ಇಷ್ಟೇ ಎಂದು ನನಗನ್ನಿಸುತ್ತದೆ.

1958ರಲ್ಲಿ ತಂಡ ಬ್ರೂಕ್ಲಿನ್ ಬಿಟ್ಟು ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸ್‌ಗೆ ಗುಳೆ ಹೋಯಿತು. ಸ್ವಂತ ಮೈದಾನ ಇಲ್ಲದ್ದರಿಂದ ನಾಲ್ಕು ವರ್ಷ ಆಡಿದ್ದು ಒಲಿಂಪಿಕ್ಸ್ ನಡೆದಿದ್ದ ಕೊಲಿಸಿಯಂನಲ್ಲಿ. 1959ರ ಋತುವಿನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಒಂದು ಪಂದ್ಯಕ್ಕೆ ಅಲ್ಲಿ ಸೇರಿದ್ದು 92,706 ಜನ. ಆ ದಾಖಲೆ ಇವತ್ತಿಗೂ ಅಳಿದಿಲ್ಲ. ಹಿಂದಿನ ಸಾಲಿನವರಿಗೆ ಚೆಂಡು ಎಲ್ಲಿ ಹೋಯಿತೆಂದೇ ತಿಳಿಯುತ್ತಿರಲಿಲ್ಲ. ಹಾಗಾಗಿ ಜನ ಟ್ರಾನ್ಸಿಸ್ಟರ್ ತರತೊಡಗಿದರು. ಕಣ್ಣೆದುರಿನ ಆಟವನ್ನು ಕಿವಿಯಿಂದ ಖಾತ್ರಿ ಮಾಡಿಕೊಳ್ಳುವುದು ನಮ್ಮಲ್ಲಿ ಟೆಸ್ಟ್ ಪಂದ್ಯಕ್ಕೆ ಹೋಗುತ್ತಿದ್ದ ಹಳೆ ತಲೆಮಾರಿಗೂ ಗೊತ್ತು. ಆದರೆ ಕೊಲಿಸಿಯಂನಲ್ಲಿ ಸಾವಿರಾರು ರೇಡಿಯೊಗಳಿಂದ ಒಂದೇ ಧ್ವನಿ ಎಷ್ಟು ಜೋರಾಗಿ ಏಳುತ್ತಿತ್ತೆಂದರೆ, ಸ್ಕಲ್ಲಿ ಮಾತು ತಿರುಗಿ ಸ್ಕಲ್ಲಿ ಮೈಕಿಗೇ ಬಂದು ಬೀಳುತ್ತಿತ್ತು. 1960ರಲ್ಲಿ ಒಮ್ಮೆ ಅಂಪೈರ್ ಫ್ರ್ಯಾಂಕ್ ಸೆಕೋರಿಯ ಹುಟ್ಟುಹಬ್ಬವೆಂದು ತಿಳಿದು, ಮೂರು ಎಣಿಸುತ್ತೇನೆ, ಎಲ್ಲರೂ ಒಟ್ಟಿಗೆ ಶುಭಾಶಯ ಕೂಗಿ ಎಂದು ರೇಡಿಯೊದಲ್ಲೇ ಹೇಳಿದರು. ಇಡೀ ಮೈದಾನ ಕೂಗಿತು. ಮೈದಾನದ ಧ್ವನಿವರ್ಧಕದಲ್ಲಿ ಒಂದಕ್ಷರವೂ ಬಂದಿರಲಿಲ್ಲ. ಅಂಪೈರಿಗೆ ಗಾಬರಿಯಾಗಿರಬೇಕು.

ಅವರ ದುಡಿಮೆಯ ಹುಚ್ಚಿಗೆ 1989ರ ಜೂನ್ 3 ಒಂದೇ ಸಾಕು. ಮಧ್ಯಾಹ್ನ ಸೇಂಟ್ ಲೂಯಿಸ್‌ನಲ್ಲಿ ರಾಷ್ಟ್ರೀಯ ಚಾನೆಲ್ಲಿಗೆ ಹತ್ತು ಇನಿಂಗ್ಸ್‌ನ ಪಂದ್ಯ ಮುಗಿಸಿ, ಮರುದಿನದ ಕೆಲಸಕ್ಕೆಂದು ವಿಮಾನ ಹತ್ತಿ ಹ್ಯೂಸ್ಟನ್‌ಗೆ ಬಂದರು. ನೋಡಿದರೆ ಡಾಡ್ಜರ್ಸ್‌ನ ಅಂದಿನ ಪಂದ್ಯ ಇನ್ನೂ ಮುಗಿದಿಲ್ಲ. ಹೋಟೆಲ್ಲಿಗೆ ಹೋಗದೆ ಸೀದಾ ಮೈದಾನಕ್ಕೆ ಹೋಗಿ ಮೈಕ್ ಹಿಡಿದರು. ಆ ಪಂದ್ಯ ಮಾಮೂಲಿಯ ಎರಡು ಪಟ್ಟನ್ನೂ ಮೀರಿ 22 ಇನಿಂಗ್ಸ್, 7 ಗಂಟೆ 14 ನಿಮಿಷ ನಡೆದು ನಡುರಾತ್ರಿ ದಾಟಿ ಮುಗಿಯಿತು. ಮರುದಿನದ್ದು ಮತ್ತೆ 13 ಇನಿಂಗ್ಸ್. ಆಗ ಅವರಿಗೆ 61 ವರ್ಷ.

ಇಷ್ಟು ಮಾತಾಡಿದವರ ಧ್ವನಿಮುದ್ರಿಕೆಗಳಲ್ಲಿ ನಾನು ಮತ್ತೆ ಮತ್ತೆ ಹಾಕಿ ಕೇಳುವುದು ಅವರು ಬಾಯಿ ಮುಚ್ಚಿಕೊಂಡ ಭಾಗಗಳನ್ನೇ. ಬೇಸ್‌ಬಾಲ್‌ನಲ್ಲಿ ಎದುರಾಳಿಯ 27 ಬ್ಯಾಟರ್‌ಗಳಲ್ಲಿ ಒಬ್ಬನನ್ನೂ ಮೊದಲ ಬೇಸ್ ಮುಟ್ಟಲು ಬಿಡದಿದ್ದರೆ ಅದು ಪರ್ಫೆಕ್ಟ್ ಗೇಮ್. ಮೇಜರ್ ಲೀಗಿನ ಎರಡು ಲಕ್ಷಕ್ಕೂ ಹೆಚ್ಚು ಪಂದ್ಯಗಳಲ್ಲಿ ಅಂಥವು ಕೇವಲ 24. ಮೂರಕ್ಕೆ ಸ್ಕಲ್ಲಿ ಕಾಮೆಂಟರಿ ಇತ್ತು. 1965ರ ಸೆಪ್ಟೆಂಬರ್ 9ರ ರಾತ್ರಿ ಡಾಡ್ಜರ್ಸ್‌ನ ಪಿಚರ್ (ಚೆಂಡೆಸೆಗಾರ) ಸ್ಯಾಂಡಿ ಕೋಫ್ಯಾಕ್ಸ್ ಆ ಸಾಧನೆಯ ಅಂಚಿನಲ್ಲಿದ್ದಾಗ, ಈ ಧ್ವನಿಮುದ್ರಣ ಆಟಗಾರನಿಗೆ ನೆನಪಿಗೆ ಉಳಿಯಲಿ ಎಂದು ಸ್ಕಲ್ಲಿ ನಡುನಡುವೆ ಗಡಿಯಾರ ನೋಡಿ ಸಮಯ ಹೇಳುತ್ತ ಹೋದರು. ಕೊನೆಯ ಬ್ಯಾಟರ್ ಔಟಾದಾಗ ರಾತ್ರಿ 9 ಗಂಟೆ 46 ನಿಮಿಷ. ಆಮೇಲೆ 38 ಸೆಕೆಂಡ್ ಬರೀ ಜನರ ಗದ್ದಲ. ರೇಡಿಯೊದಲ್ಲಿ 38 ಸೆಕೆಂಡ್ ಸುಮ್ಮನಿರುವುದೆಂದರೆ ನೌಕರಿಗೇ ಸಂಚಕಾರ.

1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ 715ನೇ ಹೋಮ್ ರನ್ ಬಾರಿಸಿ ಬೇಬ್ ರೂತ್ ದಾಖಲೆ ಮುರಿದಾಗ, ತಾನೆಲ್ಲಿ ಮಾತಾಡಿಬಿಡುತ್ತೇನೋ ಎಂದು ಹೆಡ್‌ಸೆಟ್ ತೆಗೆದಿಟ್ಟು ಕೋಣೆಯ ಹಿಂಬದಿಗೆ ಹೋಗಿ ನಿಂತರು. ಮರಳಿ ಬಂದು ಹೇಳಿದ್ದು ಆಟದ ಮಾತಲ್ಲ: ದಕ್ಷಿಣದ ನೆಲದಲ್ಲಿ ಕಪ್ಪು ಮನುಷ್ಯನೊಬ್ಬನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ ಎಂದು. 1988ರಲ್ಲಿ ಕಾಲು ನೋವಿನಿಂದ ಕುಂಟುತ್ತ ಬಂದ ಕರ್ಕ್ ಗಿಬ್ಸನ್ ವರ್ಲ್ಡ್ ಸೀರೀಸ್ ಪಂದ್ಯವನ್ನು ಒಂದೇ ಹೊಡೆತಕ್ಕೆ ಗೆಲ್ಲಿಸಿದಾಗ ಅವರ ಮೌನ ಒಂದು ನಿಮಿಷವನ್ನೂ ದಾಟಿತು.

ಇದೇ ತಂಡಕ್ಕೆ ಸ್ಪ್ಯಾನಿಷ್‌ನಲ್ಲೂ ಒಂದು ಧ್ವನಿ ಇತ್ತು. ಈಕ್ವಡಾರ್‌ನಿಂದ ವಲಸೆ ಬಂದ ಹೈಮೆ ಹರೀನ್, 1959ರಿಂದ 2022ರವರೆಗೆ 64 ಋತು. ಮೊದಮೊದಲು ಪರವೂರಿನ ಪಂದ್ಯಗಳಿಗೆ ಅವರು ಹೋಗುತ್ತಿರಲಿಲ್ಲ. ಲಾಸ್ ಏಂಜಲೀಸ್‌ನ ಸ್ಟುಡಿಯೊದಲ್ಲಿ ಕೂತು ಸ್ಕಲ್ಲಿಯ ಇಂಗ್ಲಿಷ್ ಕೇಳುತ್ತ ಅಲ್ಲಲ್ಲೇ ಸ್ಪ್ಯಾನಿಷ್‌ಗೆ ತರುತ್ತಿದ್ದರು. ಇಬ್ಬರದೂ ಕೂಡಿದರೆ ಒಂದೇ ತಂಡಕ್ಕೆ 131 ಋತುಗಳ ಸೇವೆ.

ದುಡ್ಡಿನ ಅಂಕಿ ಮಾತ್ರ ಬೇಸರ ತರಿಸುತ್ತದೆ. 2013ರಲ್ಲಿ ಡಾಡ್ಜರ್ಸ್ ತನ್ನ ಟೀವಿ ಪ್ರಸಾರವನ್ನು 25 ವರ್ಷಕ್ಕೆ 835 ಕೋಟಿ ಡಾಲರ್‌ಗೆ ಮಾರಿತೆಂದು ವರದಿಯಾಯಿತು. ಆ ದುಬಾರಿ ಚಾನೆಲನ್ನು ಉಳಿದ ಕೇಬಲ್ ಕಂಪನಿಗಳು ಕೊಳ್ಳಲು ಒಪ್ಪಲಿಲ್ಲ. ಪರಿಣಾಮವಾಗಿ ಸ್ಕಲ್ಲಿಯ ಕೊನೆಯ ಮೂರು ಋತುಗಳು ಅವರದೇ ಊರಿನ ಬಹುಪಾಲು ಮನೆಗಳ ಟೀವಿಗೆ ಬಹುಮಟ್ಟಿಗೆ ಬರಲಿಲ್ಲ. ಹತ್ತು ಕೋಟಿ ಪದಗಳಲ್ಲಿ ಊರು ಕಾಯುತ್ತಿದ್ದ ಕೊನೆಯ ಕಂತಿಗೇ ಬೀಗ.

ಅವರ ಕೊನೆಯ ಪಂದ್ಯ ನಡೆದದ್ದು 2016ರ ಅಕ್ಟೋಬರ್ 2ರಂದು, ಡಾಡ್ಜರ್ಸ್‌ನ ಹಳೆ ಹಗೆ ಜೈಂಟ್ಸ್ ತಂಡದ ಮೈದಾನದಲ್ಲಿ. 1936ರ ಇದೇ ಅಕ್ಟೋಬರ್ 2ರಂದು ಜೈಂಟ್ಸ್ 18-4ರಿಂದ ಸೋತದ್ದನ್ನು ಒಂದು ಲಾಂಡ್ರಿಯ ಕಿಟಕಿಯಲ್ಲಿ ಓದಿ, ಅಯ್ಯೋ ಪಾಪ ಎನಿಸಿ, ಎಂಟು ವರ್ಷದ ಸ್ಕಲ್ಲಿ ಜೈಂಟ್ಸ್ ಅಭಿಮಾನಿಯಾಗಿದ್ದರು. ಸರಿಯಾಗಿ 80 ವರ್ಷ. ಆ ಕೊನೆಯ ಪಂದ್ಯವನ್ನು ಜೈಂಟ್ಸ್ 7-1ರಿಂದ ಗೆದ್ದಿತು.

ಸ್ಕಲ್ಲಿ 2022ರ ಆಗಸ್ಟ್ 2ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಜಾಗದಲ್ಲಿ ಈಗ ಜೋ ಡೇವಿಸ್ ಕೂರುತ್ತಾರೆ. 1987ರಲ್ಲಿ ಹುಟ್ಟಿದವರು, 2016ರಲ್ಲಿ ತಂಡ ಸೇರಿದವರು, ಒಳ್ಳೆಯ ಕೆಲಸಗಾರ. ಸ್ಕಲ್ಲಿಯ 67 ಋತುಗಳನ್ನು ಸರಿಗಟ್ಟಬೇಕಾದರೆ ಅವರು 2082ರವರೆಗೆ ಮೈಕ್ ಬಿಡುವಂತಿಲ್ಲ. ಆಗ ಅವರಿಗೆ 94 ವರ್ಷವಾಗಿರುತ್ತದೆ.