ನಿಮಗಿದು ಗೊತ್ತೆ? ಗೆಣಸು ತೊಳೆಯಲು ಕಲಿತ ಮಂಗಗಳು
ಜಪಾನಿನ ಕೋಶಿಮಾ ದ್ವೀಪದಲ್ಲಿ 1953ರಲ್ಲಿ ಇಮೋ ಎಂಬ ಒಂದೂವರೆ ವರ್ಷದ ಹೆಣ್ಣು ಮಂಗ, ಮರಳು ಮೆತ್ತಿದ ಗೆಣಸನ್ನು ಒಂದು ಕೈಯಲ್ಲಿ ತೊರೆಯ ನೀರಿಗೆ ಅದ್ದಿ, ಇನ್ನೊಂದು ಕೈಯಿಂದ ಉಜ್ಜಿ ತಿನ್ನತೊಡಗಿತು. 1958ರ ಹೊತ್ತಿಗೆ ಎರಡರಿಂದ ಏಳು ವರ್ಷದ 19 ಮಂಗಗಳಲ್ಲಿ 15 ಇದನ್ನು ರೂಢಿಸಿಕೊಂಡಿದ್ದವು. ಎಂಟು ತುಂಬಿದ 11ರಲ್ಲಿ ಎರಡು ಮಾತ್ರ, ಅವೂ ಹೆಣ್ಣೇ. ಹಾಗಾದರೆ ದೊಡ್ಡ ಗಂಡುಗಳು ದಡ್ಡವೆ? ಹಾಗೆನ್ನುವುದು ಅನ್ಯಾಯ. ಅವು ಮರಿಗಳ ಜೊತೆ ಬೆರೆಯುವುದೇ ಕಡಿಮೆ; ಹತ್ತಿರದಿಂದ ನೋಡದ್ದನ್ನು ಕಲಿಯುವುದಾದರೂ ಹೇಗೆ? ಪ್ರತಿ ಮಂಗವೂ ತಾನಾಗಿಯೇ ಕಲಿತಿರಬಹುದೆಂದು ಆಕ್ಷೇಪಿಸುವವರಿದ್ದಾರೆ. ಅಭ್ಯಾಸ ನಿಧಾನವಾಗಿ ಹರಡಿದ್ದು ನಿಜವೇ. ಆದರೆ ಅದು ಮೊದಲು ತಲುಪಿದ್ದು ಇಮೋವಿನ ತಾಯಿಯನ್ನು, ಆಟದ ಜೊತೆಗಾರರನ್ನು; ಆಮೇಲೆ ತಾಯಂದಿರಿಂದ ಮರಿಗಳನ್ನು. ಯಾರು ಕಲಿಯುತ್ತಾರೆಂಬುದನ್ನು ಬುದ್ಧಿಯಷ್ಟೇ ಒಡನಾಟವೂ ನಿರ್ಧರಿಸುತ್ತದೆ ಎಂಬ ವಾದವೇ ಹೆಚ್ಚು ಗಟ್ಟಿ.