ಈಜಿದ ಇಲಿಗಳು ಹೇಳಿದ್ದು

ಸೋಂಕು ಇರುವಾಗ ಮೈ ದಣಿಸಿದರೆ ಹೃದಯಕ್ಕೆ ಏನಾಗುತ್ತದೆ ಎಂಬ ಈ ಕತೆ ಶುರುವಾದದ್ದು ಪೋಲಿಯೊ ಹುಡುಕಾಟದಲ್ಲಿ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಯ ದಂಡೆಯಲ್ಲಿ ಕಾಕ್ಸಾಕಿ ಎಂಬ ಸಣ್ಣ ಊರಿದೆ. 1947ರಲ್ಲಿ ಅಲ್ಲಿನ ಇಬ್ಬರು ಹುಡುಗರ ಕೈಕಾಲು ಸೋತವು. ಅದು ಪೋಲಿಯೊ ಕಾಲ, ಎಲ್ಲರ ಅನುಮಾನವೂ ಅದರ ಮೇಲೆಯೇ. ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಗಿಲ್ಬರ್ಟ್ ಡಾಲ್‌ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ ಆ ಹುಡುಗರ ಮಲದ ಮಾದರಿಯಿಂದ ತೆಗೆದ ದ್ರವವನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದರು. ಬೆಳೆದ ಇಲಿಗಳನ್ನು ಏನೂ ಮಾಡದ ಆ ದ್ರವಕ್ಕೆ ಮರಿಗಳು ಸೋತು ಬಿದ್ದವು. ಕೊಯ್ದು ನೋಡಿದರೆ ಕೆಟ್ಟಿದ್ದದ್ದು ಪೋಲಿಯೊದಲ್ಲಿ ಕೆಡುವ ನರವಲ್ಲ, ಸ್ನಾಯು. 1948ರಲ್ಲಿ ಪ್ರಕಟವಾದ ಈ ಹೊಸ ವೈರಸ್ಸಿಗೆ ಊರಿನ ಹೆಸರೇ ನಿಂತಿತು.

ಹೃದಯವೂ ಸ್ನಾಯುವೇ ತಾನೆ? ಈ ವೈರಸ್ ಅದನ್ನೂ ಕೆಡಿಸಬಲ್ಲದು ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ದೂರದ ದಕ್ಷಿಣ ಆಫ್ರಿಕಾದಲ್ಲಿ. 1952ರಲ್ಲಿ ಜೋಹಾನ್ಸ್‌ಬರ್ಗಿನ ಹೆರಿಗೆ ಮನೆಯೊಂದರಲ್ಲಿ ನವಜಾತ ಶಿಶುಗಳು ಸಾಯತೊಡಗಿದವು. ಕಾರಣ ಹೃದಯ ಸ್ನಾಯುವಿನ ಉರಿಯೂತ, ಅಂದರೆ ಮಯೋಕಾರ್ಡೈಟಿಸ್. ಅದರ ಹಿಂದೆ ಇದ್ದದ್ದು ಕಾಕ್ಸಾಕಿಯ ‘ಬಿ’ ಗುಂಪಿನ ವೈರಸ್.

ಸೋಂಕಿನ ನಡುವೆ ಶ್ರಮ ಪಟ್ಟರೆ ಏನಾದೀತು ಎಂಬ ಪ್ರಶ್ನೆ ಎದ್ದದ್ದು ಮತ್ತೊಂದು ಕಡೆ. ಆಕ್ಸ್‌ಫರ್ಡಿನ ನರರೋಗ ವೈದ್ಯ ರಿಚಿ ರಸೆಲ್, ಪೋಲಿಯೊ ರೋಗಿಗಳನ್ನು ಒಂದು ಸಾದಾ ಪ್ರಶ್ನೆ ಕೇಳುತ್ತಾ ಹೋದರು: ಮೈ ಹುಷಾರಿಲ್ಲ ಅನ್ನಿಸಿದ ಮೇಲೆ, ಕೈಕಾಲು ಬೀಳುವ ಮೊದಲಿನ ದಿನಗಳಲ್ಲಿ ಏನು ಮಾಡುತ್ತಿದ್ದಿರಿ? ಹಾಸಿಗೆ ಹಿಡಿದು ಮಲಗಿದವರಿಗೆ ರೋಗ ಹಗುರವಾಗಿ ಹೋಗಿತ್ತು. ಲೆಕ್ಕಿಸದೆ ಆಡಿದವರು, ದುಡಿದವರು ಹೆಚ್ಚು ಸೋತಿದ್ದರು. 1949ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರು ಇದನ್ನು ಬರೆದರು. ಪ್ರಯೋಗಾಲಯ ಬೇಕಿಲ್ಲದೆ, ಬರೀ ವಿಚಾರಿಸಿ ಕಂಡುಕೊಂಡ ಸಂಗತಿ ಇದು. ನನಗೆ ಇಡೀ ಕತೆಯಲ್ಲಿ ಹೆಚ್ಚು ಹಿಡಿಸುವ ಭಾಗವೂ ಇದೇ.

ಕಾಕ್ಸಾಕಿ ಪೋಲಿಯೊದ ದಾಯಾದಿ, ಎರಡೂ ಎಂಟೆರೊವೈರಸ್ ಕುಲದವು. ಒಂದಕ್ಕೆ ಶ್ರಮ ಬಲ ಕೊಡುವುದಾದರೆ ಇನ್ನೊಂದಕ್ಕೆ? ಡೆಟ್ರಾಯ್ಟಿನ ವೇನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗಾಟ್‌ಮೈಟನ್, ಚೇಸನ್ ಮತ್ತು ಮಾರ್ಟಿನ್ ಲರ್ನರ್ ಇದನ್ನು ನೇರವಾಗಿಯೇ ಪರೀಕ್ಷಿಸಿದರು. ಎರಡು ವಾರದ ಇಲಿಗಳಿಗೆ ಕಾಕ್ಸಾಕಿ ಬಿ-3 ವೈರಸ್ ಹಾಕಿದರು. ಕೆಲವನ್ನು ಪಂಜರದಲ್ಲಿ ಅವುಗಳ ಪಾಡಿಗೆ ಬಿಟ್ಟರು. ಉಳಿದವನ್ನು 33 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿದ ನೀರಿನಲ್ಲಿ ಈಜಿಸಿದರು. ಚಳಿಯಿಂದ ಸತ್ತವು ಎಂಬ ಆಕ್ಷೇಪಕ್ಕೆ ಎಡೆಯಿರಬಾರದಲ್ಲ. 1970ರಲ್ಲಿ ಫಲಿತಾಂಶ ಹೊರಬಂತು. ಈಜಿದ ಇಲಿಗಳ ಹೃದಯದಲ್ಲಿ ವೈರಸ್ ನೂರಾರು ಪಟ್ಟು ಹೆಚ್ಚು ಬೆಳೆದಿತ್ತು, ಬಹಳಷ್ಟು ಇಲಿಗಳು ನೀರಿನಲ್ಲಿಯೇ ಪ್ರಾಣ ಬಿಟ್ಟಿದ್ದವು. ಅದೇ ವೈರಸ್, ಅದೇ ವಯಸ್ಸು, ವ್ಯತ್ಯಾಸ ಶ್ರಮದ್ದು ಮಾತ್ರ. ಇಂಥ ಪ್ರಯೋಗದ ಕ್ರೌರ್ಯ ಮನಸ್ಸಿಗೆ ಚುಚ್ಚುತ್ತದೆ. ಆದರೆ ಮನುಷ್ಯರ ಮೇಲೆ ಎಂದೂ ಮಾಡಲಾಗದ ಈ ಹೋಲಿಕೆಯೇ ಮುಂದೆ ಕ್ರೀಡಾಪಟುಗಳ ವಿಶ್ರಾಂತಿಯ ನಿಯಮಗಳಿಗೆ ಒಂದು ಬುನಾದಿಯಾಯಿತು.

ಅಪಾಯ ಎರಡು ಬಗೆಯದು. ವೈರಸ್ ಬೆಳೆಯುತ್ತಿರುವ ದಿನಗಳಲ್ಲಿ ದೇಹವನ್ನು ದಣಿಸಿದರೆ ಅದನ್ನು ತಡೆಯುವ ಶಕ್ತಿ ಹಿಂದೆ ಬೀಳುತ್ತದೆ. ಆಮೇಲೆ, ಜ್ವರ ಇಳಿದ ಮೇಲೂ, ಸ್ನಾಯುವಿನಲ್ಲಿ ಉರಿಯೂತ ಉಳಿದ ಜಾಗ, ಗಾಯ ಮಾಗಿ ಗಟ್ಟಿಯಾದ ಜಾಗ ಹೃದಯದ ವಿದ್ಯುತ್ ಹರಿವನ್ನು ಕೆಡಿಸುತ್ತವೆ. ಓಟದ ಬಿರುಸಿನಲ್ಲಿ ಅಡ್ರಿನಲಿನ್ ಏರಿದಾಗ ಬಡಿತ ಲಯ ತಪ್ಪಿ ಹೃದಯ ಏಕಾಏಕಿ ನಿಲ್ಲಬಹುದು. ಮೈ ಹಗುರಾಯಿತು ಎಂದು ಮೈದಾನಕ್ಕೆ ಮರಳಿದ ಆಟಗಾರನಿಗೆ ಇದು ಹೊರಗೆ ಕಾಣುವುದೇ ಇಲ್ಲ.

ಸ್ವೀಡನ್ನಿನಲ್ಲಿ ಈ ಅಪಾಯ ಇಡೀ ಒಂದು ಕ್ರೀಡೆಯನ್ನೇ ನಿಲ್ಲಿಸಿತು. ನಕ್ಷೆ, ದಿಕ್ಸೂಚಿ ಹಿಡಿದು ಕಾಡಿನಲ್ಲಿ ದಾರಿ ಹುಡುಕುತ್ತಾ ಓಡುವ ಓರಿಯೆಂಟಿಯರಿಂಗ್ ಅಲ್ಲಿ ಬಲು ಜನಪ್ರಿಯ. 1979ರಿಂದ 1992ರವರೆಗೆ ಈ ಆಟದ 16 ಮಂದಿ ಯುವ ಓಟಗಾರರು ಹಠಾತ್ತನೆ ಸತ್ತರು. 15 ಗಂಡಸರು, ಒಬ್ಬಳು ಹೆಂಗಸು. ಉಪ್ಸಾಲಾದ ಸೋಂಕುರೋಗ ತಜ್ಞರಾದ ಲಾರ್ಸ್ ವೆಸ್ಲೆನ್, ಯೋರಾನ್ ಫ್ರೀಮನ್ ಮತ್ತು ಸಂಗಡಿಗರು ಈ ಸಾವುಗಳ ಬೆನ್ನು ಹತ್ತಿದರು. ಎಣಿಸಿದ್ದಕ್ಕಿಂತ ಹೆಚ್ಚು ಮಂದಿಯ ಹೃದಯದಲ್ಲಿ ಉರಿಯೂತದ ಗುರುತು ಸಿಕ್ಕಿತು. ಸೋಂಕು ಯಾವುದು ಎಂಬ ಹುಡುಕಾಟ ಮೊದಲು ಕ್ಲಮೈಡಿಯಾ ಬ್ಯಾಕ್ಟೀರಿಯಾದ ಕಡೆ, ಆಮೇಲೆ ಬಾರ್ಟೊನೆಲ್ಲಾ ಕಡೆ ಹೊರಳಿತು. ಅಂದರೆ ಇದು ಬರೀ ವೈರಸ್ಸಿನ ಕತೆಯಲ್ಲ.

ಸ್ವೀಡನ್ನಿನ ಓರಿಯೆಂಟಿಯರಿಂಗ್ ಒಕ್ಕೂಟ ಮಾತ್ರ ಅಪರಾಧಿ ಸಿಗಲಿ ಎಂದು ಕಾಯಲಿಲ್ಲ. 1992ರ ಕೊನೆಯಲ್ಲಿ ಸ್ಪರ್ಧೆ, ತರಬೇತಿ ಎರಡನ್ನೂ ಸುಮಾರು ಆರು ತಿಂಗಳು ನಿಲ್ಲಿಸಿತು, ಸೋಂಕು ಇದ್ದಾಗ ಓಡಬೇಡಿ ಎಂದು ಸಾರಿತು. ಮುಂದಿನ ಮೂರೂವರೆ ವರ್ಷ ಆ ಯುವ ಓಟಗಾರರಲ್ಲಿ ಇಂಥ ಒಂದು ಸಾವೂ ಆಗಲಿಲ್ಲ. ಸಾವು ನಿಂತದ್ದು ವಿಶ್ರಾಂತಿಯಿಂದಲೇ ಎಂದು ಸಾಬೀತು ಮಾಡುವುದು ಕಷ್ಟ. ಆದರೂ ಪದಕ, ಪ್ರಾಯೋಜಕರ ಲೆಕ್ಕ ಬದಿಗಿಟ್ಟು ಒಂದು ಕ್ರೀಡಾ ಸಂಸ್ಥೆ ಹೀಗೆ ಬಾಗಿಲು ಹಾಕಿದ್ದು ದೊಡ್ಡ ಮಾತು.

ಕೋವಿಡ್ ಬಂದಾಗ ಲೆಕ್ಕ ಒಮ್ಮೆಲೇ ಗಾಬರಿ ಹುಟ್ಟಿಸಿತು. 2020ರ ಜುಲೈನಲ್ಲಿ ಫ್ರಾಂಕ್‌ಫರ್ಟಿನ ವೈದ್ಯರು, ಚೇತರಿಸಿಕೊಂಡ 100 ಜನರಲ್ಲಿ 78 ಮಂದಿಯ ಹೃದಯದ ಎಂಆರ್‌ಐ ಸರಿಯಿಲ್ಲ ಎಂದರು. ಸೆಪ್ಟೆಂಬರಿನಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ 26 ಆಟಗಾರರಲ್ಲಿ ನಾಲ್ವರಿಗೆ ಉರಿಯೂತದ ಲಕ್ಷಣ ಕಂಡಿತು. ಆದರೆ ಎಂಆರ್‌ಐ ಬಲು ಸೂಕ್ಷ್ಮ, ಅದರಲ್ಲಿ ಕಂಡದ್ದೆಲ್ಲ ರೋಗವಲ್ಲ. ಅಮೆರಿಕದ ವೃತ್ತಿಪರ ಲೀಗುಗಳ ಕೋವಿಡ್ ಬಂದಿದ್ದ 789 ಆಟಗಾರರಿಗೆ ಮೊದಲು ಇಸಿಜಿ, ರಕ್ತದ ಟ್ರೊಪೊನಿನ್ ಪರೀಕ್ಷೆ, ಎಕೋ ಮಾಡಿ, ಅನುಮಾನ ಬಂದವರಿಗಷ್ಟೇ ಮುಂದಿನ ಪರೀಕ್ಷೆ ಮಾಡಿದಾಗ ಹೃದಯದ ಉರಿಯೂತ ಸಿಕ್ಕಿದ್ದು ಐವರಲ್ಲಿ. ಕಾಲೇಜುಗಳ ಇಂಥ 3018 ಆಟಗಾರರಲ್ಲಿ ಹೃದಯಕ್ಕೆ ಕೋವಿಡ್ ತಟ್ಟಿದ ಖಚಿತ ಇಲ್ಲವೇ ಸಂಭಾವ್ಯ ಸೂಚನೆ ಸಿಕ್ಕಿದ್ದು 21 ಮಂದಿಯಲ್ಲಿ, ಅಂದರೆ ಶೇ 0.7ರಷ್ಟು. ಅಪರೂಪ ನಿಜ, ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. 2022ರ ಜನವರಿಯಲ್ಲಿ ಬಾಯರ್ನ್ ಮ್ಯೂನಿಕ್‌ನ ಫುಟ್‌ಬಾಲ್ ಆಟಗಾರ ಅಲ್ಫಾನ್ಸೊ ಡೇವಿಸ್‌ಗೆ ಕೋವಿಡ್ ನಂತರ ಸೌಮ್ಯ ಮಯೋಕಾರ್ಡೈಟಿಸ್ ಪತ್ತೆಯಾಯಿತು. ಏಪ್ರಿಲ್‌ವರೆಗೆ ಮೈದಾನದಿಂದ ದೂರ ಉಳಿದು ಆಮೇಲೆ ಆಟಕ್ಕೆ ಮರಳಿದರು.

ಮಯೋಕಾರ್ಡೈಟಿಸ್ ಖಚಿತವಾದವರು ಮೂರರಿಂದ ಆರು ತಿಂಗಳು ಸ್ಪರ್ಧೆ ಬಿಡಬೇಕು ಎಂಬುದು ಬಹುಕಾಲ ನಡೆದುಬಂದ ಸಲಹೆ. ನಮಗೆ ನಿಮಗೆ ಅಷ್ಟು ದೂರದ ಮಾತು ಬೇಡ. ಜ್ವರ, ಮೈಕೈ ನೋವು ಇರುವ ದಿನ ಓಟ, ಜಿಮ್, ಪಂದ್ಯ ಯಾವುದೂ ಬೇಡ. ಚೇತರಿಸಿಕೊಂಡು ಮತ್ತೆ ಶುರು ಮಾಡಿದಾಗ ಎದೆನೋವು, ಹಿಂದಿಲ್ಲದ ಏದುಸಿರು, ಎದೆ ಡವಗುಟ್ಟುವುದು, ತಲೆ ಸುತ್ತಿ ಬೀಳುವುದು ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಕೋಚ್‌ಗಳು, ಪಿ.ಟಿ. ಮೇಷ್ಟ್ರುಗಳು ದಯವಿಟ್ಟು ಜ್ವರ ಬಂದ ಮಗುವನ್ನು ಪಂದ್ಯಕ್ಕೆ ಇಳಿಸಬೇಡಿ.